ಅಪ್ಪನ ಓವರ್‌ಹಾಲ್

ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲು ಕೈಕೊಟ್ಟಿದ್ದು ‘ಎಫ್’ ಕೀ. ಇಂಗ್ಲಿಷ್ ಟೈಪ್ ಮಾಡುವವರಿಗೆ ಅದು ಅಷ್ಟೇನೂ ದುಡಿಯುವ ಕೀ ಅಲ್ಲ. ಕನ್ನಡದವರಿಗೆ ಹಾಗಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ಮುಂದೆ ಕರ್ನಾಟಕ ಸರ್ಕಾರ ಒಪ್ಪಿಕೊಂಡು ‘ನುಡಿ’ ತಂತ್ರಾಂಶದ ಮೂಲಕ ಎಲ್ಲೆಡೆ ಹಬ್ಬಿದ ಕೀಲಿಮಣೆಯಲ್ಲಿ ಒತ್ತಕ್ಷರ ಬರಬೇಕಾದರೆ ಎರಡು ವ್ಯಂಜನಗಳ ನಡುವೆ ಎಫ್ ಒತ್ತಲೇಬೇಕು. ಅಪ್ಪ, ಅಮ್ಮ, ಅಣ್ಣ, ಅಕ್ಕ ಯಾರನ್ನು ಬರೆಯಬೇಕಾದರೂ ಎಫ್ ಬೇಕು. ಕನ್ನಡ ಅನ್ನುವುದಕ್ಕೇ ಬೇಕು. ಪುಟಗಟ್ಟಲೆ ಸಂಶೋಧನಾ ಪ್ರಬಂಧ ಟೈಪ್ ಮಾಡುತ್ತಿದ್ದ ನನ್ನ ಎಡಗೈ ತೋರುಬೆರಳು ಅದರ ಮೇಲೆ ಬಿದ್ದಷ್ಟು ಬೇರೆ ಯಾವ ಕೀಯ ಮೇಲೂ ಬಿದ್ದಿರಲಾರದು. ಮೊದಲು ಅದರ ಮೇಲಿನ ಅಕ್ಷರ ಅಳಿಸಿತು. ಆಮೇಲೆ ಒತ್ತಿದ್ದು ಮೇಲೇಳುವುದು ನಿಧಾನವಾಯಿತು. ಕೊನೆಗೆ ‘ಪ್ರಸ್ತಾವನೆ’ ಅಂತ ಹೊಡೆದರೆ ‘ಪರಸತಾವನೆ’ ಅಂತ ಬರತೊಡಗಿತು.

2007ರಲ್ಲಿ ಕೊಂಡ ಯಂತ್ರ ಅದು. ಮೈಸೂರಿನ ಶ್ರೀರಾಂಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಡಿಟಿಪಿ ಕೆಲಸ ಮಾಡುತ್ತಿದ್ದೆ. ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿಗಳ ಪ್ರಬಂಧ, ಸಣ್ಣ ಪ್ರಕಾಶಕರ ಕಥಾಸಂಕಲನ, ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಆಹ್ವಾನ ಎಲ್ಲವೂ ಅದರಲ್ಲೇ ಆಗಬೇಕು. ಆಗ ಕನ್ನಡ ಪುಸ್ತಕದ ಪುಟ ಕಟ್ಟುವುದು ಅಂದರೆ ಪೇಜ್‌ಮೇಕರ್. 2001ರಲ್ಲಿ ಬಂದ 7.0 ಅದರ ಕೊನೆಯ ಆವೃತ್ತಿ. ಅದಕ್ಕೆ ಕನ್ನಡದ ಯೂನಿಕೋಡ್ ಗೊತ್ತಿಲ್ಲ, ನುಡಿಯದೋ ಶ್ರೀಲಿಪಿಯದೋ ಹಳೆಯ ಫಾಂಟ್ ಹಾಕಿದರೆ ಮಾತ್ರ ಅಕ್ಷರ ಕಾಣುತ್ತದೆ. ಅಂಥ ಕಡತವನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಯಾವ ಭಾಷೆಯದೂ ಅಲ್ಲದ ಗುರುತುಗಳ ಸಾಲು ಬರುತ್ತದೆ. ಪರಿವರ್ತಕಗಳಿವೆ, ನಾನೂ ಬಳಸುತ್ತೇನೆ, ಅವನ್ನು ಮಾಡಿದವರಿಗೆ ಕೃತಜ್ಞಳಾಗಿದ್ದೇನೆ. ಆದರೂ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ, ಅಡಿಟಿಪ್ಪಣಿಯ ಸಂಖ್ಯೆ ಕಳಚಿಕೊಳ್ಳುತ್ತದೆ, ಪುಟದ ವಿನ್ಯಾಸವನ್ನಂತೂ ಮೊದಲಿನಿಂದ ಕಟ್ಟಬೇಕು. ಹಿಂದೆಂದೋ ಮಾಡಿಕೊಟ್ಟ ಪುಸ್ತಕದ ಎರಡನೇ ಮುದ್ರಣಕ್ಕೆ ಲೇಖಕರು ಬಂದು, “ಎರಡೇ ಪುಟ ತಿದ್ದೋದಿದೆ ಕಣಮ್ಮ” ಅಂದಾಗ ಆ ಹಳೆಯ ಯಂತ್ರ ಬದುಕಿದ್ದರೆ ಅರ್ಧ ಗಂಟೆಯ ಕೆಲಸ. ಇಲ್ಲದಿದ್ದರೆ ವಾರವೇ ಬೇಕು. “ಹೊಸದು ತಗೊಂಡುಬಿಡಬಾರದಾ?” ಅಂತ ಕೇಳಿದವರಿಗೆಲ್ಲ ನಾನು ಹೇಳಿದ್ದು ಇದೇ. ಹೊಸದನ್ನೂ ಕೊಂಡಿದ್ದೆ. ಹಳೆಯದನ್ನು ಉಳಿಸಿಕೊಂಡದ್ದು ಅದರೊಳಗೆ ಬೇರೆಯವರ ಪುಸ್ತಕಗಳಿದ್ದವು ಅಂತ.

ಉಳಿಸಿಕೊಟ್ಟವರು ನನ್ನ ಅಪ್ಪ. ಮಾನಂದವಾಡಿ ರಸ್ತೆಯ ಅಶೋಕಪುರಂ ಕಡೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. 1924ರಲ್ಲಿ, ಮೈಸೂರು ಸಂಸ್ಥಾನದ ರೈಲ್ವೆಯ ಕಾಲದಲ್ಲಿ ಶುರುವಾದ ಕಾರ್ಖಾನೆ ಅದು. ಮೀಟರ್ ಗೇಜಿನ ಬೋಗಿಗಳನ್ನೂ ಬ್ರಾಡ್ ಗೇಜಿನ ಬೋಗಿಗಳನ್ನೂ ಬಿಚ್ಚಿ ಕಟ್ಟಿದ ಕೈ ಅಪ್ಪನದು. ಕಂಪ್ಯೂಟರ್ ಅವರಿಗೆ ಬರುತ್ತಿರಲಿಲ್ಲ. ಮೌಸ್ ಹಿಡಿದರೆ ಬಾಣ ಎಲ್ಲಿಗೋ ಓಡುತ್ತಿತ್ತು. ಸ್ಕ್ರೂ ಮಾತ್ರ ಬರುತ್ತಿತ್ತು.

ಎಫ್ ಕೀಯ ವಿಷಯಕ್ಕೆ ನಾನು ಸರ್ವಿಸ್ ಸೆಂಟರ್ ಒಂದಕ್ಕೆ ಹೋಗಿದ್ದೆ. ಒಂದು ಕೀ ಅಂತ ಸಿಗುವುದಿಲ್ಲ, ಇಡೀ ಕೀಬೋರ್ಡ್ ಬದಲಿಸಬೇಕು, ಈ ಮಾಡೆಲ್ಲಿನದು ಬರುವುದು ನಿಂತುಹೋಗಿದೆ ಅಂದರು. ಅಪ್ಪ ಅದನ್ನು ಊಟದ ಮೇಜಿನ ಮೇಲಿಟ್ಟುಕೊಂಡು, ಭೂತಗನ್ನಡಿ ಹಿಡಿದು, ಅಮ್ಮನ ರವಿಕೆಯ ಪಿನ್ನಿನಿಂದ ಕೀಯ ಅಂಚನ್ನು ಮೆಲ್ಲಗೆ ಎಬ್ಬಿಸಿದರು. ಕೆಳಗೆ ಒಂದರೊಳಗೊಂದು ಸಿಕ್ಕಿಕೊಂಡ ಎರಡು ಪ್ಲಾಸ್ಟಿಕ್ ಕ್ಲಿಪ್ಪು, ಅದರ ನಡುವೆ ಕಡಲೆಕಾಳಿಗಿಂತ ಚಿಕ್ಕ ರಬ್ಬರ್ ಬಟ್ಟಲು. ಒತ್ತಿದಾಗ ಕುಗ್ಗಿ, ಬಿಟ್ಟಾಗ ಕೀಯನ್ನು ಮೇಲೆತ್ತುವುದು ಆ ಬಟ್ಟಲಿನ ಕೆಲಸ. ಎಫ್ ಕೆಳಗಿನದು ಒಂದು ಬದಿ ಹರಿದು ಚಪ್ಪಟೆಯಾಗಿತ್ತು.

“ಇದರಲ್ಲಿ ನೀನು ಮುಟ್ಟದೇ ಇರೋ ಕೀ ಯಾವುದಮ್ಮ?” ಅಂದರು.

ಅಂಕಿಗಳ ಸಾಲಿನ ಎಡತುದಿಯದನ್ನು ತೋರಿಸಿದೆ. ಅದರ ಕೆಳಗಿನ ಬಟ್ಟಲನ್ನು ಬ್ಲೇಡಿನಿಂದ ಬಿಡಿಸಿ, ಬುಡಕ್ಕೆ ಬೆಂಕಿಕಡ್ಡಿಯ ತುದಿಯಲ್ಲಿ ಒಂದಿಷ್ಟೇ ಅಂಟು ಮುಟ್ಟಿಸಿ ಎಫ್ ಜಾಗಕ್ಕೆ ಕೂರಿಸಿದರು. ಒಣಗಿದ ಮೇಲೆ ಕೀಯನ್ನು ಟಕ್ಕೆಂದು ಒತ್ತಿದರು. ‘ಅಪ್ಪ’ ಅಂತ ಹೊಡೆದು ತೋರಿಸಿದೆ.

ಅವತ್ತಿನಿಂದ ಆ ಲ್ಯಾಪ್‌ಟಾಪ್ ಅಪ್ಪನ ವಶಕ್ಕೆ ಬಂತು. ಅವರ ವರ್ಕ್‌ಶಾಪಿನಲ್ಲಿ ಪಿಓಎಚ್ ಅಂತ ಒಂದು ಪದ್ಧತಿ, ಪೀರಿಯಾಡಿಕ್ ಓವರ್‌ಹಾಲ್. ಬೋಗಿ ಕೆಟ್ಟ ಮೇಲೆ ತರುವುದಲ್ಲ. ನಿಗದಿಯಾದ ಗಡುವಿಗೆ, ಚೆನ್ನಾಗಿ ಓಡುತ್ತಿರುವಾಗಲೇ ಒಳಗೆ ತಂದು, ಗಾಲಿ ಕಳಚಿ, ಬೇರಿಂಗು ತೊಳೆದು, ಸ್ಪ್ರಿಂಗು ಅಳೆದು ನೋಡಿ, ಸವೆದದ್ದನ್ನು ಬದಲಿಸಿ ಕಳಿಸುವುದು. ಅಪ್ಪ ಆ ಪದ್ಧತಿಯನ್ನು ನಮ್ಮ ಮನೆಗೂ ತಂದರು. ಗಡುವು, ಆಯುಧಪೂಜೆಗೆ ಮುಂಚಿನ ಭಾನುವಾರ. ಮೈಸೂರಿನಲ್ಲಿ ಆಯುಧಪೂಜೆಯ ದಿನ ಸೈಕಲ್ಲು, ಸ್ಕೂಟರು, ಹೊಲಿಗೆ ಮೆಷಿನ್ನು, ಈಳಿಗೆಮಣೆ ಎಲ್ಲಕ್ಕೂ ಪೂಜೆ. ಪೂಜೆಗೆ ಕೂರುವ ಸಾಮಾನು ಕೊಳೆಯಾಗಿ ಕೂರಬಾರದು ಅನ್ನುವುದು ಅಪ್ಪನ ನಿಯಮ.

ಭಾನುವಾರದ ಆ ಕೆಲಸ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಟಿವಿಯ ಪೆಟ್ಟಿಗೆಯಲ್ಲಿ ಬಂದಿದ್ದ ಥರ್ಮೋಕೋಲ್ ಹಾಳೆಯ ಮೇಲೆ ಲ್ಯಾಪ್‌ಟಾಪನ್ನು ಬೋರಲು ಹಾಕಿ ಪೆನ್ಸಿಲಿನಿಂದ ಅಂಚು ಎಳೆಯುವರು. ಬಿಚ್ಚಿದ ಸ್ಕ್ರೂ ಪ್ರತಿಯೊಂದನ್ನೂ ಚಿತ್ರದಲ್ಲಿ ಅದರದೇ ಜಾಗಕ್ಕೆ ಚುಚ್ಚುವರು. ಲ್ಯಾಪ್‌ಟಾಪಿನ ಸ್ಕ್ರೂಗಳು ನೋಡಲು ಒಂದೇ, ಉದ್ದ ಬೇರೆ ಬೇರೆ. ಗಿಡ್ಡದಿರಬೇಕಾದ ಕಡೆ ಉದ್ದದ್ದು ಹಾಕಿ ತಿರುಗಿಸಿದರೆ ತುದಿ ಹೋಗಿ ಮದರ್‌ಬೋರ್ಡಿಗೆ ಚುಚ್ಚುತ್ತದೆ. ಎಷ್ಟೋ ಯಂತ್ರಗಳು ರಿಪೇರಿಯಲ್ಲೇ ಸಾಯುವುದು ಹೀಗೆ. ಅಪ್ಪನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಕಳಚಿದ್ದು ಎಲ್ಲಿಯದು ಅಂತ ಗುರುತಿಡದೆ ಎರಡನೆಯದಕ್ಕೆ ಕೈ ಹಾಕುವುದು ಅವರಿಂದ ಆಗುತ್ತಿರಲಿಲ್ಲ, ಅಷ್ಟೆ.

ಒಳಗಿನ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಪ್ರತಿವರ್ಷ ಒಂದು ಪದರ ಸಿಗುತ್ತಿತ್ತು. ಬೂದುಬಣ್ಣದ್ದು, ಚಿಮಟದಲ್ಲಿ ಹಿಡಿದೆತ್ತಿದರೆ ಹರಿಯದೆ ಇಡಿಯಾಗಿ ಬರುತ್ತಿತ್ತು. ಬಟ್ಟೆಯ ನಾರು, ತಲೆಗೂದಲು, ರಸ್ತೆಯ ಧೂಳು, ಜೊತೆಗೆ ದೇವರ ಕೋಣೆಯ ಊದುಬತ್ತಿಯ ಹೊಗೆ, ಒಗ್ಗರಣೆಯ ಜಿಡ್ಡು. ಜಿಡ್ಡು ಇಲ್ಲದಿದ್ದರೆ ಧೂಳು ಉದುರಿಹೋಗುತ್ತಿತ್ತು, ಅದು ಸೇರಿ ಮೆತ್ತಿಕೊಂಡಿತ್ತು. ನಮ್ಮ ಕಡೆ ಧೂಳಿಗೆ ಬರವಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆಯ ಸುತ್ತಲೂ ನಮ್ಮ ಕಣ್ಣೆದುರೇ ಬಡಾವಣೆಯ ಮೇಲೆ ಬಡಾವಣೆ ಎದ್ದವು. ಒಂದಲ್ಲ ಒಂದು ಕ್ರಾಸಿನಲ್ಲಿ ಮರಳು, ಜಲ್ಲಿ, ಸಿಮೆಂಟು ಇಳಿಯುತ್ತಲೇ ಇರುತ್ತಿತ್ತು. ಆ ಪದರ ಗಾಳಿಯ ದಾರಿಗೆ ಅಡ್ಡ ಬಂದರೆ ಪ್ರೊಸೆಸರ್ ಕಾಯುತ್ತದೆ, ಕಾದಾಗ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಲ್ಯಾಪ್‌ಟಾಪ್ ವಯಸ್ಸಾಗಿ ನಿಧಾನವಾಯಿತು ಅಂತ ಜನ ಅಂದುಕೊಳ್ಳುವುದರಲ್ಲಿ ಎಷ್ಟೋ ಪಾಲು ಈ ಧೂಳಿನದೇ ಅಂತ ನಾನು ನಂಬಿದ್ದೇನೆ.

ಸಣ್ಣ ಪೇಂಟಿನ ಬ್ರಷ್ಷಿನಿಂದ ಒರೆಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯುವಾಗ ಫ್ಯಾನು ತಿರುಗದಂತೆ ನಾನು ಬೆರಳಲ್ಲಿ ಹಿಡಿದಿರಬೇಕು. ಹೊರಗಿನ ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗಿಗೆ ಕೇಡು. ಫ್ಯಾನಿನ ನಡುವಿನ ಸ್ಟಿಕ್ಕರು ಅರ್ಧ ಎತ್ತಿ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ತೊಟ್ಟು. ಪ್ರೊಸೆಸರಿನ ಮೇಲೆ ಗಟ್ಟಿಯಾಗಿದ್ದ ಹಳೆಯ ಪೇಸ್ಟನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಹೊಸದು. ಆ ಪೇಸ್ಟ್ ಸಿಗದಿದ್ದರೆ ಟೂತ್‌ಪೇಸ್ಟ್ ಹಚ್ಚಿ ಅಂತ ಪರಿಚಯದ ಹುಡುಗನೊಬ್ಬ ಹೇಳಿದ್ದ. ಅಪ್ಪ ಬೇಡವೆಂದರು. ನೀರಿನಂಶ ಇರುವುದು ಬಿಸಿಗೆ ಒಣಗಿ ಬಿರುಕು ಬಿಡುತ್ತದೆ, ನಾಲ್ಕು ದಿನ ಚೆನ್ನಾಗಿದ್ದು ಐದನೇ ದಿನ ಮೋಸ ಮಾಡುವುದು ರಿಪೇರಿಯಲ್ಲ ಅಂದರು. ಆಮೇಲೆ ಮಹಾನವಮಿಯ ದಿನ ಲ್ಯಾಪ್‌ಟಾಪು ಅಪ್ಪನ ಸ್ಪ್ಯಾನರ್, ಫೈಲು, ಸಾಲ್ಡರಿಂಗ್ ಐರನ್ನುಗಳ ಜೊತೆ ಸಾಲಾಗಿ ಕೂತು ಕುಂಕುಮ ಇಡಿಸಿಕೊಳ್ಳುತ್ತಿತ್ತು. ಕುಂಕುಮ ಮುಚ್ಚಳದ ನಡುವೆ ಮಾತ್ರ, ಗಾಳಿಕಿಂಡಿಯ ಹತ್ತಿರ ಬೇಡ ಅಂತ ಅಮ್ಮನಿಗೆ ಕಟ್ಟಪ್ಪಣೆ.

ಚಾರ್ಜರಿನ ವೈರು ಕತ್ತಿನ ಬಳಿ ತುಂಡಾಗುವುದು ಎಲ್ಲರ ಮನೆಯ ಕಥೆ. ಅಲ್ಲೇ ಯಾಕೆ ತುಂಡಾಗುತ್ತದೆ ಅಂದರೆ, ಮೆತ್ತಗಿನ ವೈರು ಗಟ್ಟಿ ಪಿನ್ನನ್ನು ಸೇರುವ ಜಾಗ ಅದು, ಬಾಗುವುದೆಲ್ಲ ಆ ಒಂದೇ ಬಿಂದುವಿನಲ್ಲಿ. ಅಪ್ಪ ಕತ್ತರಿಸಿ, ನಡುವಿನ ತಂತಿಯನ್ನೂ ಅದನ್ನು ಸುತ್ತಿದ ಜಾಲರಿ ತಂತಿಯನ್ನೂ ಬೇರ್ಪಡಿಸಿ, ಬೇರೆ ಬೇರೆ ಎತ್ತರದಲ್ಲಿ ಸಾಲ್ಡರ್ ಮಾಡಿ ಸ್ಲೀವ್ ಹಾಕಿದರು. ಅಲ್ಲಿಗೆ ಬಿಡಲಿಲ್ಲ. ಖಾಲಿಯಾದ ಬಾಲ್‌ಪೆನ್ನಿನ ಸ್ಪ್ರಿಂಗನ್ನು ಕತ್ತಿಗೆ ಸುತ್ತಿ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದರು. ಬಾಗುವಿಕೆ ಒಂದು ಬಿಂದುವಿಂದ ಒಂದು ಇಂಚಿಗೆ ಹಂಚಿಹೋಯಿತು. ಆ ಚಾರ್ಜರ್ ಮತ್ತೆ ಅಲ್ಲಿ ತುಂಡಾಗಲೇ ಇಲ್ಲ.

ಬ್ಯಾಟರಿಗೆ ಮಾತ್ರ ಅವರು ಕೈ ಹಾಕಲಿಲ್ಲ. ಅದರೊಳಗೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಆರು ಲಿಥಿಯಂ ಸೆಲ್ಲುಗಳಿರುತ್ತವೆ. ಪೆಟ್ಟಿಗೆ ಒಡೆದು ಹೊಸ ಸೆಲ್ಲು ಹಾಕಿಕೊಡುವವರಿದ್ದಾರೆ, ಮನೆಯಲ್ಲೇ ಮಾಡಿಕೊಂಡವರೂ ಇದ್ದಾರೆ. ಅಪ್ಪ ಕೇಳಿ ತಿಳಿದುಕೊಂಡರು. ಸೆಲ್ಲಿಗೆ ನೇರವಾಗಿ ಸಾಲ್ಡರ್ ಹಿಡಿದರೆ ಬಿಸಿ ಒಳಗೆ ಹೋಗಿ ಕೆಡಿಸುತ್ತದೆ, ನಿಕ್ಕೆಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಬೇಕು, ಆರೂ ಸೆಲ್ಲುಗಳ ಶಕ್ತಿ ಸರಿಸಮ ಇರಬೇಕು. ಇಷ್ಟು ಕೇಳಿ, “ಇದಕ್ಕೆ ನಮ್ಮತ್ರ ಇರೋ ಸಾಮಾನು ಸಾಲದು, ನೀನು ಪಕ್ಕದಲ್ಲೇ ಕೂತು ಕೆಲಸ ಮಾಡ್ತೀಯ” ಅಂದರು. ಸತ್ತ ಬ್ಯಾಟರಿ ಕಳಚಿ ತೆಗೆದಿಟ್ಟು, ಬರೀ ಚಾರ್ಜರಿನ ಮೇಲೆ ಓಡಿಸಿದೆವು. ಕರೆಂಟು ಹೋದಾಗ ಮನೆಯ ಯುಪಿಎಸ್ಸಿಗೆ ಬದಲಾಗುವ ಕ್ಷಣದಲ್ಲಿ ಲ್ಯಾಪ್‌ಟಾಪು ಆರಿಹೋಗುತ್ತಿತ್ತು. ಯುಪಿಎಸ್ಸಿನ ಹಿಂಬದಿಯಲ್ಲಿ ಸಣ್ಣ ಸ್ವಿಚ್ಚೊಂದಿರುತ್ತದೆ. ಅದನ್ನು ಯುಪಿಎಸ್ ಮೋಡಿಗೆ ತಳ್ಳಿದರೆ ಬದಲಾವಣೆ ಬೇಗ ಆಗುತ್ತದೆ. ಅಪ್ಪ ಅದನ್ನು ತಳ್ಳಿದರು, ತೊಂದರೆ ನಿಂತಿತು. ಒಂದು ರೂಪಾಯಿಯೂ ಖರ್ಚಾಗಲಿಲ್ಲ.

2020ರ ಮಾರ್ಚ್ 25ಕ್ಕೆ ದೇಶವೆಲ್ಲ ಬಾಗಿಲು ಹಾಕಿತು. ನಂಜನಗೂಡಿನ ಕಡೆ ಕೊರೊನಾ ಸೋಂಕು ಹೆಚ್ಚಿ ಮೈಸೂರು ಕೆಂಪು ವಲಯವಾಯಿತು. ಹಾಲು, ತರಕಾರಿಯಂಥ ಅಗತ್ಯ ಸಾಮಾನಿನವು ಬಿಟ್ಟರೆ ಬೇರೆ ಅಂಗಡಿ ತೆರೆಯುತ್ತಿರಲಿಲ್ಲ. ಆ ಏಪ್ರಿಲ್‌ನಲ್ಲಿ ಲ್ಯಾಪ್‌ಟಾಪಿನ ಬಲಗಡೆಯ ಹಿಂಜ್ ಒಡೆಯಿತು. ಕೆಲವು ದಿನಗಳಿಂದ ಮುಚ್ಚಳ ತೆಗೆಯುವಾಗ ಕಿರ್ರೆನ್ನುತ್ತಿತ್ತು. ಮೂಲೆಯ ಪ್ಲಾಸ್ಟಿಕ್ ಉಬ್ಬಿ, ಬಾಯಿ ಬಿಟ್ಟು, ಒಂದು ಬೆಳಗ್ಗೆ ಚಟ್ ಅಂತ ಸದ್ದಾಗಿ ಮುಚ್ಚಳ ಒಂದು ಕಡೆ ಜೋತುಬಿತ್ತು. ಒಳಗೆ ಪ್ಲಾಸ್ಟಿಕ್ ಕಂಬದಲ್ಲಿ ಹುದುಗಿದ್ದ ಹಿತ್ತಾಳೆಯ ಪುಟ್ಟ ನಟ್ಟು ಕಂಬದ ಸಮೇತ ಕಿತ್ತು ಬಂದಿತ್ತು. ಕಾದಂಬರಿಯೊಂದರ ಪುಟ ಕಟ್ಟುವ ಕೆಲಸ ಅರ್ಧಕ್ಕೆ ನಿಂತಿತು. ಫೆವಿಕ್ವಿಕ್ ಹಾಕಿ ಅಂತ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದಲೇ ಟ್ಯೂಬು ಎಸೆದರು.

ಅಪ್ಪ ಒಡೆದ ಜಾಗವನ್ನು ಸುಮ್ಮನೆ ನೋಡಿ ಬದಿಗಿಟ್ಟರು. ಹಿಂಜನ್ನು ಪೂರ್ತಿ ಬಿಚ್ಚಿ ಕೈಗೆ ತೆಗೆದುಕೊಂಡು ಎರಡು ಬೆರಳಲ್ಲಿ ಹಿಡಿದು ತಿರುಗಿಸಲು ನೋಡಿದರು. ಅಲುಗಲಿಲ್ಲ. ಕಟಿಂಗ್ ಪ್ಲೇಯರಿನಲ್ಲಿ ಹಿಡಿದರೆ ಕಷ್ಟಪಟ್ಟು ಅಲುಗಿತು.

“ನೋಡಮ್ಮ, ಪ್ಲಾಸ್ಟಿಕ್ಕಿನ ತಪ್ಪಿಲ್ಲ. ಹಿಂಜ್ ಬಿಗಿದುಕೊಂಡುಬಿಟ್ಟಿದೆ. ನೀನು ಮುಚ್ಚಳ ಎತ್ತಿದಾಗೆಲ್ಲ ತಿರುಗಬೇಕಾದ್ದು ತಿರುಗದೆ ಪಾಪ ಈ ಕಂಬವನ್ನು ಮೀಟ್ತಾ ಇತ್ತು. ಇದನ್ನು ಬಿಟ್ಟು ಅದನ್ನು ಅಂಟಿಸಿದರೆ ಮತ್ತೆ ಒಡೆಯುತ್ತೆ.”

ಹಿಂಜಿನ ತುದಿಯಲ್ಲಿ ವಾಷರುಗಳನ್ನು ಒತ್ತಿ ಹಿಡಿದ ಪುಟ್ಟ ನಟ್ಟಿದೆ. ಅದನ್ನು ಕಾಲು ಸುತ್ತು ಸಡಿಲಿಸಿ, ಒಣಗಿ ಅಂಟಾಗಿದ್ದ ಗ್ರೀಸು ಒರೆಸಿ, ಎಣ್ಣೆ ಬಿಟ್ಟು, ಮುಚ್ಚಳ ತಾನಾಗಿ ಬೀಳದಷ್ಟು ಮಾತ್ರ ಬಿಗಿ ಉಳಿಸಿ, ಅದಾದ ಮೇಲೆ ಒಡೆದ ಕಂಬಕ್ಕೆ ಬಂದರು. ಮನೆಯಲ್ಲಿ ಅರಾಲ್ಡೈಟ್ ಇತ್ತು. ಎರಡು ಟ್ಯೂಬಿನಿಂದ ಸಮಸಮ ಹಿಂಡಿ ಕಡ್ಡಿಯಲ್ಲಿ ಕಲಸಿದರು. ಪ್ಲಾಸ್ಟಿಕ್ಕನ್ನು ಹ್ಯಾಕ್ಸಾ ಬ್ಲೇಡಿನಿಂದ ಒರಟು ಮಾಡಿ, ಸ್ಪಿರಿಟ್‌ನಿಂದ ಒರೆಸಿ, ಹಿತ್ತಾಳೆಯ ನಟ್ಟನ್ನು ಕೂರಿಸಿ, ಸುತ್ತಲೂ ಸಣ್ಣ ತಾಮ್ರದ ತಂತಿ ಸುತ್ತಿ ಅದರ ಮೇಲೆ ಅಂಟು ತುಂಬಿದರು. ನಟ್ಟಿನೊಳಗೆ ಅಂಟು ಹೋಗದಂತೆ ಸ್ಕ್ರೂಗೆ ವ್ಯಾಸಲೀನ್ ಸವರಿ ಮೊದಲೇ ಹಾಕಿಟ್ಟಿದ್ದರು. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸಿ, ಮರುದಿನ ಇದೇ ಹೊತ್ತಿನವರೆಗೆ ಯಾರೂ ಮುಟ್ಟಬಾರದು ಅಂದರು. ನಾನು ಮಧ್ಯಾಹ್ನವೇ ಹೋಗಿ ಇಣುಕಿದೆ. “ಬಿಡಮ್ಮ, ಗಟ್ಟಿಯಾದ ಹಾಗೆ ಕಾಣುತ್ತೆ, ಆಗಿರೋಲ್ಲ” ಅಂದರು ಕಣ್ಣು ತೆರೆಯದೆ, ಮಂಚದ ಮೇಲಿಂದಲೇ.

ಮರುದಿನವೂ ಅವರಿಗೆ ಸಮಾಧಾನವಿಲ್ಲ. ಅಂಟು ಒತ್ತಡಕ್ಕೆ ನಿಲ್ಲುತ್ತದೆ, ಕೀಳುವ ಎಳೆತಕ್ಕೆ ನಿಲ್ಲುವುದಿಲ್ಲ ಅನ್ನುವುದು ಅವರ ಅನುಭವ. ಹಳೆಯ ಬೋಲ್ಟು, ಸ್ಕ್ರೂ ತುಂಬಿಟ್ಟಿದ್ದ ಡಾಲ್ಡಾ ಡಬ್ಬಿ ಸುರುವಿ, ಯಾವುದೋ ಕಾಲದ ಟೇಪ್‌ರೆಕಾರ್ಡರಿನಿಂದ ಕಿತ್ತಿಟ್ಟಿದ್ದ ಎರಡೂವರೆ ಮಿ.ಮೀ. ಬೋಲ್ಟೊಂದನ್ನು ಹುಡುಕಿದರು. ತಳದ ಕವಚಕ್ಕೆ ಕೈಡ್ರಿಲ್ಲಿನಿಂದ ತೂತು ಹಾಕಿ, ಅಗಲದ ವಾಷರ್ ಕೊಟ್ಟು ಬೋಲ್ಟನ್ನು ಕೆಳಗಿನಿಂದ ಮೇಲಕ್ಕೆ ಹಿಂಜಿನವರೆಗೂ ತೂರಿಸಿದರು. ಈಗ ಎಳೆತ ಕಂಬದ ಮೇಲಲ್ಲ, ತಳದ ಕವಚದ ಮೇಲೆ. ಬೋಲ್ಟಿನ ತಲೆ ಮೇಜಿಗೆ ಗೀರದಂತೆ ಚಪ್ಪಲಿಯ ರಬ್ಬರ್ ಕತ್ತರಿಸಿ ನಾಲ್ಕು ಮೂಲೆಗೂ ಅಂಟಿಸಿದರು. ಹಾಗೆ ಎತ್ತರವಾದದ್ದರಿಂದ ಕೆಳಗೆ ಗಾಳಿಯೂ ಚೆನ್ನಾಗಿ ಆಡತೊಡಗಿತು. ಕಾದಂಬರಿ ಲಾಕ್‌ಡೌನ್ ಮುಗಿಯುವ ಹೊತ್ತಿಗೆ ಮುದ್ರಣಕ್ಕೆ ಸಿದ್ಧವಾಗಿತ್ತು.

ಆಮೇಲೆ ಪರದೆ ಹೋಯಿತು. ಶುರುವಿನಲ್ಲಿ ಕೆಂಪಗೆ ಹೊತ್ತಿಕೊಳ್ಳುತ್ತಿತ್ತು, ಕ್ಷಣದಲ್ಲಿ ಕಪ್ಪು. ಟಾರ್ಚು ಹಿಡಿದು ನೋಡಿದರೆ ಅಕ್ಷರಗಳು ಮಸುಕಾಗಿ ಅಲ್ಲೇ ಇದ್ದವು. ಆ ಕಾಲದ ಪರದೆಗಳ ಹಿಂದೆ ಕಡ್ಡಿಗಾತ್ರದ ಟ್ಯೂಬ್‌ಲೈಟ್ ಇರುತ್ತದೆ, ಅದು ಮುಗಿದಿತ್ತು. ಅದನ್ನು ಹೊತ್ತಿಸುವ ಬೋರ್ಡಿನಲ್ಲಿ ನೂರಾರು ವೋಲ್ಟ್ ಹರಿಯುತ್ತದೆ, ಬಿಚ್ಚುವುದು ಬೇಡವೆಂದು ಹಳೆಯ ಮಾನಿಟರ್ ಒಂದನ್ನು ಪಕ್ಕದಲ್ಲಿಟ್ಟು ಕೇಬಲ್ ಸಿಕ್ಕಿಸಿದೆವು. ಅದರಲ್ಲಿದ್ದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಬೆಂಬಲ ನಿಲ್ಲಿಸಿದ್ದರಿಂದ ಲ್ಯಾಪ್‌ಟಾಪನ್ನು ಇಂಟರ್‌ನೆಟ್ಟಿನಿಂದ ಅಂದೇ ದೂರವಿಟ್ಟಿದ್ದೆ. ಪೇಜ್‌ಮೇಕರಿನ ಕೆಲಸಕ್ಕೆ ಅದರಿಂದ ಏನೂ ಕೊರತೆಯಾಗಿಲ್ಲ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಬಿಡಿಭಾಗ ಎಲ್ಲಿ ಸಿಗುತ್ತದೆ, ಹೇಗೆ ಬಿಚ್ಚಬೇಕು ಅನ್ನುವುದನ್ನು ಕಂಪನಿಗಳು ಜನರಿಗೆ ತಿಳಿಸಬೇಕು ಅನ್ನುವ ಉದ್ದೇಶ. ಪೇಪರಿನಲ್ಲಿ ಬಂದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ಅದು ಹಕ್ಕಿನ ಮಾತಾಗಿ ಕೇಳಿಸಲೇ ಇಲ್ಲ. ವರ್ಕ್‌ಶಾಪಿನಲ್ಲಿ ಬೋಗಿಯ ಒಂದೊಂದು ಬೋಲ್ಟಿಗೂ ಡ್ರಾಯಿಂಗ್ ಇತ್ತು, ನಂಬರ್ ಇತ್ತು, ಬೇಕಾದವರು ತೆಗೆದು ನೋಡಬಹುದಿತ್ತು. “ಡ್ರಾಯಿಂಗ್ ಕೊಡದೆ ಸಾಮಾನು ಮಾರೋದು ಹೇಗಮ್ಮ?” ಅಂತ ನಿಜವಾಗಿಯೂ ಅರ್ಥವಾಗದೆ ಕೇಳಿದರು. ನನಗೆ ಆ ಪ್ರಶ್ನೆಗಿಂತ ಸರಿಯಾದ ಪ್ರಶ್ನೆ ಈ ವಿಷಯದಲ್ಲಿ ಕಂಡಿಲ್ಲ. ಮನೆಯಲ್ಲಿ ಕೈಗೆ ಸಿಕ್ಕಿದ್ದರಲ್ಲಿ ರಿಪೇರಿ ಮಾಡುವವರನ್ನು ಜಿಪುಣರೆಂದು ಕಾಣುವುದು ನನಗೆ ಸೇರುವುದಿಲ್ಲ. ಡ್ರಾಯಿಂಗ್ ಇಲ್ಲದ ಯಂತ್ರವನ್ನು ಅವರು ಕಣ್ಣಿಂದಲೇ ಓದಬೇಕಾಗಿದೆ.

ಅಪ್ಪನ ಕೈ ಈಗ ನಡುಗುತ್ತದೆ. ಭಾನುವಾರದ ಓವರ್‌ಹಾಲಿನಲ್ಲಿ ಸಾಲ್ಡರಿಂಗ್ ಐರನ್ ನನ್ನ ಕೈಯಲ್ಲಿ, ಭೂತಗನ್ನಡಿ ಅವರ ಕೈಯಲ್ಲಿ. ಕಳೆದ ಮಳೆಗಾಲದಲ್ಲಿ ಹಿಂದಿನ ಕ್ರಾಸಿನ ಇಂಜಿನಿಯರಿಂಗ್ ಹುಡುಗನೊಬ್ಬ ತನ್ನ ತೆಳ್ಳನೆಯ ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಂದ. ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ಹಿಂಜ್ ಹೋಗಿದೆ, ನಿಮ್ಮದಕ್ಕೆ ಹಾಕಿದ ಹಾಗೆ ಬೋಲ್ಟು ಹಾಕಿಕೊಡಿ ಅಂಕಲ್ ಅಂದ.

“ಯಾವಾಗಿಂದಪ್ಪಾ ಹಿಂಗೆ?” ಅಂತ ಕೇಳುತ್ತಲೇ ಅಪ್ಪ ಮುಚ್ಚಳ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಹಿಂಜ್ ಸರಾಗವಾಗಿ ತಿರುಗಿತು. ಮೂಲೆ ಅಲುಗಲಿಲ್ಲ. ಮೇಜಿನ ಮಟ್ಟಕ್ಕೆ ಕಣ್ಣು ತಂದು ಬದಿಯಿಂದ ನೋಡಿ ನನ್ನನ್ನೂ ಕರೆದರು. ಉಬ್ಬಿದ್ದು ಮೂಲೆಯಲ್ಲ, ನಟ್ಟನಡುವೆ, ಟಚ್‌ಪ್ಯಾಡಿನ ಜಾಗ. ಅದನ್ನು ಒತ್ತಿದರೆ ಕ್ಲಿಕ್ ಅನ್ನುತ್ತಿರಲಿಲ್ಲ. ಇಂಥ ತೆಳ್ಳಗಿನ ಯಂತ್ರಗಳಲ್ಲಿ ಅದರ ಕೆಳಗೇ ಚಪ್ಪಟೆ ಬ್ಯಾಟರಿ ಇರುವುದು ನನಗೆ ಗೊತ್ತಿತ್ತು. ಹಳತಾದಾಗ ಒಳಗೆ ಗ್ಯಾಸು ತುಂಬಿ ಅದು ಊದಿಕೊಳ್ಳುತ್ತದೆ. ಹೇಳಿದೆ. ಅಪ್ಪ ತಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡು, ಆಫ್ ಮಾಡಪ್ಪಾ, ಚಾರ್ಜಿಗೆ ಹಾಕಬೇಡ, ಒತ್ತಬೇಡ, ಚುಚ್ಚಬೇಡ, ಬಿಸಿಲಲ್ಲಿ ಇಡಬೇಡ, ಇವತ್ತೇ ಅಂಗಡಿಗೆ ತಗೊಂಡುಹೋಗು ಅಂದರು. ತೆಗೆದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕದೆ ಅಂಗಡಿಯವರಿಗೇ ಒಪ್ಪಿಸಿ ಬಾ ಅಂತ ನಾನು ಸೇರಿಸಿದೆ. ಹುಡುಗ ನಂಬಲಾರದೆ ಬೋಲ್ಟಿನ ಡಬ್ಬಿಯನ್ನೇ ನೋಡುತ್ತಿದ್ದ.

ಎರಡು ದಿನ ಬಿಟ್ಟು ಹೊಸ ಬ್ಯಾಟರಿ ಹಾಕಿಸಿಕೊಂಡು ತೋರಿಸಲು ಬಂದ. ಮುಚ್ಚಳ ಅಂಚಿಗೆ ಅಂಚು ಕೂತಿತ್ತು. ಅಪ್ಪ ಹಿಂಜನ್ನು ಇನ್ನೊಮ್ಮೆ ತಿರುಗಿಸಿ ನೋಡಿ, ಇದಕ್ಕೆ ಈಗ ಎಣ್ಣೆಯೂ ಬೇಡ, ದಸರಾಕ್ಕೆ ಮುಂಚೆ ತಗೊಂಡು ಬಾ, ಫ್ಯಾನು ನೋಡೋಣ ಅಂದರು.